ಸೀಗಡಿಗೆ ಹೊಂದುವ ಮೀನು

ಆ ಭಾನುವಾರ ಸಿಂಧನೂರಿನಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಸಾಮಾನ್ಯದ್ದಲ್ಲ. ಒಂದು ಸೀಗಡಿ, ಎರಡು ಬಸವನಹುಳು ಆಗಲೇ ಸಂಸಾರ ಹೂಡಿರುವ ಉಪ್ಪುನೀರಿನ ಗಾಜಿನ ತೊಟ್ಟಿಗೆ, ಅವುಗಳ ತಂಟೆಗೆ ಹೋಗದ ಮೀನು ಯಾವುದು? ಊರಿನ ಸುತ್ತ ಭತ್ತ ತೆನೆಗಟ್ಟುತ್ತಿತ್ತು. ಕಾಲುವೆಯ ನೀರು ಕೊನೆಯ ಹೊಲಕ್ಕೆ ಮುಟ್ಟಿಲ್ಲವೆಂದು ಬಳಗಾನೂರಿನ ಕಡೆ ಜಗಳ ನಡೆದಿತ್ತು. ಸಮುದ್ರವೆಂಬುದು ಒಂದಿಡೀ ರಾತ್ರಿಯ ಬಸ್ಸಿನ ದೂರದಲ್ಲಿ ತನ್ನ ಪಾಡಿಗೆ ತಾನಿತ್ತು. ಇವೆಲ್ಲದರ ನಡುವೆ ಈ ಪ್ರಶ್ನೆಯ ಭಾರವನ್ನು ಹೊತ್ತವನು ಒಬ್ಬನೇ: ಕಾಲೇಜಿನ ಪ್ರಾಣಿಶಾಸ್ತ್ರದ ಉಪನ್ಯಾಸಕ ಗಾಳೆಪ್ಪ.

ಇನ್ನೊಂದು ಪ್ರಶ್ನೆಯೂ ಇತ್ತು, ಅಷ್ಟು ದೊಡ್ಡದಲ್ಲ. ಅವನ ಹೆಂಡತಿ ಗ್ಯಾನಮ್ಮ ಮಸ್ಕಿಯಲ್ಲಿ ಟೀಚರು. ಮದುವೆಯಾದಂದಿನಿಂದ ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಈಗ ಸಿಂಧನೂರಿನ ಟೀಚರೊಬ್ಬರಿಗೆ ಮಸ್ಕಿ ಬೇಕಾಗಿತ್ತು. ಇವಳು ಹೂಂ ಅಂದರೆ ಅದಲುಬದಲು. ಸೋಮವಾರ ಹೆಡ್‌ಮಾಸ್ತರರಿಗೆ ಉತ್ತರ ಹೇಳಬೇಕು. ಬರಲೋ ಬ್ಯಾಡೋ ಎಂದು ಅವಳು ಸಂಕ್ರಾಂತಿಯಿಂದ ಕೇಳುತ್ತಿದ್ದಳು. ಆ ವಿಷಯಕ್ಕೆ ಗಾಳೆಪ್ಪ ಇನ್ನೂ ಯಾವ ಪುಸ್ತಕವನ್ನೂ ತೆರೆದಿರಲಿಲ್ಲ.

ಬೆಳಿಗ್ಗೆ ತಗಡಿನ ಡಬ್ಬಿ ಹಿಡಿದು ಹೊರಟವನನ್ನು ಪಕ್ಕದ ಮನೆಯ ಮಾಸುಂಬಿ ಕಟ್ಟೆಯ ಮೇಲಿಂದಲೇ ಹಿಡಿದು ನಿಲ್ಲಿಸಿದಳು.

"ಎಲ್ಲಿಗ್ರಿ ಸರ, ಡಬ್ಬಿ ತಗೊಂಡು?"

"ಲಿಂಗಸುಗೂರಿಗೆ. ಸಮುದ್ರದ ಮೀನು ತರಾಕ."

"ಅಷ್ಟು ದೂರ ಯಾಕ್ರಿ? ನಮ್ಮ ಹೊಲಕ್ಕ ಬರ್ರಿ. ಕಾಲುವಿ ನೀರು ಹಾಯಿಸಿ ಹಾಯಿಸಿ ನೆಲ ಸವುಳಾಗೇತಿ, ಉಪ್ಪು ಮ್ಯಾಲೆದ್ದು ಬೆಳ್ಳಗ ಕಾಣಾಕತ್ತೇತಿ. ಇನ್ನೊಂದೆರಡು ಬೆಳಿ ತಡೀರಿ, ಸಮುದ್ರ ತಾನ ಬರತೈತಿ."

ಗಾಳೆಪ್ಪ ನಕ್ಕ. ಮಾತು ಚೆನ್ನಾಗಿತ್ತು, ಒಳ್ಳೆಯ ಮಾತನ್ನು ಅವನು ಎಂದೂ ಮೆಚ್ಚದೆ ಬಿಟ್ಟವನಲ್ಲ. ಆದರೆ ಅವಳ ಹೊಲ ನಿಜಕ್ಕೂ ಹಾಳಾಯಿತೇ ಎಂದು ಕೇಳುವುದು ಅವನಿಗೆ ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ.

ಲಿಂಗಸುಗೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಹರಿಕಂತ್ರ ಕಾರವಾರದವರು, ಚಿನ್ನದ ಗಣಿಯಲ್ಲಿ ಅಧಿಕಾರಿ. ಊರಿನ ನೆನಪಿಗೆ ಮುಂಬಯಿಯಿಂದ ಉಪ್ಪು ತರಿಸಿ ನೀರಿಗೆ ಕಲೆಸಿ, ನಡುಮನೆಯಲ್ಲಿ ಸಣ್ಣದೊಂದು ಕಡಲು ಕಟ್ಟಿದ್ದರು. ಗಾಳೆಪ್ಪನಿಗೆ ಸೀಗಡಿ, ಬಸವನಹುಳು, ತೊಟ್ಟಿಯ ಹುಚ್ಚು, ಮೂರನ್ನೂ ದಾಟಿಸಿದವರು ಅವರೇ. ಈಗ ನಿವೃತ್ತರಾಗಿ ಹೊರಟಿದ್ದರು. ಸಾಮಾನು ಗೋಣಿಚೀಲ ಸೇರಿತ್ತು. ಮೀನುಗಳು ಮಾತ್ರ ಉಳಿದಿದ್ದವು.

"ಬೇಕಾದ್ದು ಒಂದು ಆರಿಸ್ಕೊಳ್ಳಿ ಮಾರಾಯ್ರೇ."

ಮೊದಲಿನದು ಸಿಂಹಮೀನು. ಮೈತುಂಬ ಕೆಂಪು ಪಟ್ಟೆ, ಬಿಚ್ಚಿದ ಬೀಸಣಿಗೆಯಂಥ ರೆಕ್ಕೆ. ಚಲಿಸುವುದೂ ಒಂದು ಕೆಲಸವೇ ಎಂಬಂತೆ ನೀರಿನಲ್ಲಿ ತೂಗಾಡುತ್ತಿತ್ತು. ಗಾಳೆಪ್ಪ ಉಸಿರು ಬಿಗಿಹಿಡಿದು ನೋಡಿದ. ಇಷ್ಟು ಚೆಂದದ ಜೀವ ಇಷ್ಟು ನಿಧಾನವಾಗಿ ಬದುಕಬಹುದಲ್ಲ ಅನ್ನಿಸಿತು.

"ನಿಮ್ಮ ಸೀಗಡಿ ಇದಕ್ಕೆ ಒಂದು ತುತ್ತು," ಎಂದರು ಹರಿಕಂತ್ರ. "ಆ ನೀಲಿ ಮೂತಿಯದು ಇದೆಯಲ್ಲ, ಅದರ ಹಲ್ಲು ಇಕ್ಕಳದ ಹಾಗೆ. ಬಸವನಹುಳು ಚಿಪ್ಪಿನ ಸಮೇತ ಪುಡಿ."

"ಮತ್ತ ಅದು?"

ಮೂಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಿತ್ತಳೆ ಬಣ್ಣದ ಮೀನೊಂದು ಬಿಳಿಯ ಪಟ್ಟಿ ಸುತ್ತಿಕೊಂಡು, ಯಾರದೋ ಮದುವೆಗೆ ಬಂದು ಯಾರೂ ಮಾತಾಡಿಸದವನ ಹಾಗೆ ನಿಂತಿತ್ತು.

"ಕೋಡಂಗಿ ಮೀನು. ಇದು ಯಾರ ಸುದ್ದಿಗೂ ಹೋಗೋದಿಲ್ಲ. ತನ್ನ ಕಲ್ಲಾಯಿತು, ತಾನಾಯಿತು."

ಗಾಳೆಪ್ಪ ಸಿಂಹಮೀನನ್ನು ಇನ್ನೊಮ್ಮೆ ನೋಡಿದ. ಮೆಚ್ಚುವುದು ಬೇರೆ, ಮನೆಗೆ ತರುವುದು ಬೇರೆ. ಕೋಡಂಗಿ ಮೀನನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿ ಡಬ್ಬಿಯಲ್ಲಿ ಇಳಿಸಿಕೊಂಡ.

ಬಾಗಿಲವರೆಗೆ ಬಂದ ಹರಿಕಂತ್ರ ಮಗಳನ್ನು ಕಳಿಸಿಕೊಡುವವರಂತೆ ಒಂದೊಂದೇ ನೆನಪಿಸಿಕೊಂಡರು. "ನೀರು ಆರಿ ಇಳಿದ್ರೆ ಸಿಹಿನೀರೇ ಹಾಕಿ, ಉಪ್ಪು ಒಳಗೇ ಉಳಿದಿರ್ತದೆ. ಮತ್ತೆ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ರೆ ತಾಮ್ರದ ಔಷಧ ಹಾಕು ಅಂತಾರೆ. ನೀವು ಹಾಕ್ಬೇಡಿ. ಮೀನು ತಡ್ಕೊಳ್ತದೆ. ಸೀಗಡಿ, ಬಸವನಹುಳು ತಡ್ಕೊಳ್ಳೋದಿಲ್ಲ. ಅವಕ್ಕೆ ತಾಮ್ರದ ಸೋಂಕೂ ಆಗದು."

"ಪಾಠ ಮಾಡೀನ್ರಿ," ಎಂದ ಗಾಳೆಪ್ಪ.

ಬಸ್ಸು ಮಸ್ಕಿಯಲ್ಲಿ ನಿಂತಾಗ ಕಿಟಕಿಯ ಗಾಜಿನಾಚೆ ಗ್ಯಾನಮ್ಮ ಕಂಡಳು. ಬಾಗಿಲಿಗೆ ಅಡ್ಡ ನಿಂತ ದಾಂಡಿಗನೊಬ್ಬನಿಗೆ ಏನೋ ಹೇಳಿದಳು. ಅವನು ನಗುತ್ತಲೇ ದಾರಿ ಬಿಟ್ಟ. ಮುದುಕಿಯೊಬ್ಬಳ ಗಂಟನ್ನು ಒಳಗೆ ದಬ್ಬಿದಳು, ಕಂಡಕ್ಟರನನ್ನು ಹೆಸರು ಹಿಡಿದು ಕರೆದಳು. ಗಾಳೆಪ್ಪ ನೋಡುತ್ತಲೇ ಇದ್ದ. ಇವಳಿಗೆ ಜಗತ್ತು ಎಷ್ಟು ಸಲೀಸು! ಗಾಜಿನ ಆಚೆಗಿದ್ದಾಗ ಅವಳು ಅವನಿಗೆ ಯಾವತ್ತೂ ಇಷ್ಟವಾಗುತ್ತಿದ್ದಳು.

ಅವಳು ಬಂದು ಪಕ್ಕದಲ್ಲಿ ಕೂತಳು.

"ಇದೇನ್ರಿ, ತೊಡಿ ಮ್ಯಾಲೆ?"

"ಮೀನು."

"ಒಂದ?"

"ಒಂದ."

"ಜೋಡಿ ಇಲ್ಲದಿದ್ರ ಬದುಕತೈತೇನ್ರಿ ಅದು?"

"ಈ ಜಾತಿದು ಬದುಕತೈತಿ."

ಅವಳು ರಸ್ತೆಯ ಕಡೆ ತಿರುಗಿ ನಕ್ಕಳು. "ಹೌದು ಬಿಡ್ರಿ. ನಾ ಕಂಡೀನಿ."

ಮನೆಗೆ ಬಂದವನೇ ಗಾಳೆಪ್ಪ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟ. ಒಳನೀರಿಗೂ ಹೊರನೀರಿಗೂ ಕಾವು ಒಂದಾಗಬೇಕು, ಆಮೇಲೆ ಬಿಡಬೇಕು. ಅವಸರ ಸಲ್ಲದು. ಅವನ ಕೈಯ ನಾಜೂಕನ್ನು ಗ್ಯಾನಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇದು ಅವನ್ನ ತಿನ್ನಂಗಿಲ್ಲಂತ ಹೆಂಗ ಗೊತ್ತಾತ್ರಿ?"

"ಓದೀನಿ."

"ನನ್ನ ಬಗ್ಗೆ ಎಲ್ಲಿ ಬರದಾರ ಹೇಳ್ರಿ, ಅದನ್ನೂ ಓದೀರಂತ."

ಗಾಳೆಪ್ಪ ಮನಸಾರೆ ನಕ್ಕ. ಕಾಲೇಜಿನಲ್ಲಿ ಇಷ್ಟು ಚುರುಕಾಗಿ ಮಾತಾಡುವವರು ಒಬ್ಬರೂ ಇರಲಿಲ್ಲ. ಅವಳು ನಗಲಿಲ್ಲ. ಅಡುಗೆಮನೆಗೆ ಹೋದಳು.

ಅಲ್ಲಿ ಅವಳ ತವರಿನವರು ಹೆಸರು ಕೆತ್ತಿಸಿ ಕೊಟ್ಟ ತಾಮ್ರದ ಕೊಡವಿತ್ತು. ಪ್ರತಿ ಭಾನುವಾರ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಅವನು ವಾರವೆಲ್ಲ ಕುಡಿಯಲೆಂದು ಕಂಠಮಟ್ಟ ತುಂಬಿಟ್ಟು ಹೋಗುವುದು ಅವಳ ಪದ್ಧತಿ. ಮುಚ್ಚಳ ಎತ್ತಿದ ಸದ್ದು ಕೇಳಿತು.

"ಹೋದ ವಾರ ತುಂಬಿದ್ದು ಹಂಗ ಐತಲ್ರಿ?"

"ಮಣ್ಣಿನ ಗಡಿಗಿ ನೀರು ತಣ್ಣಗಿರ್ತಾವ."

"ಹಂಗಾ," ಎಂದಳು. ಮುಚ್ಚಳ ಇಳಿಸಿದ ಸದ್ದು ಕೇಳಿತು.

ಅವಳು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿಪಲ್ಯ ಉಂಡರು. ಗಾಳೆಪ್ಪ ಚೀಲ ಬಿಚ್ಚಿ ಮೀನನ್ನು ಬಿಟ್ಟು, ಅದು ಕಲ್ಲಿನ ಸಂದು ಹುಡುಕಿಕೊಂಡದ್ದನ್ನು ಕಂಡು, ಸಮಾಧಾನದಿಂದ ಮಲಗಿದ.

ಎದ್ದಾಗ ತೊಟ್ಟಿಯ ನೀರು ಅಂಚಿನವರೆಗೆ ಏರಿತ್ತು. ಕೆಳಗಿಳಿದಿದ್ದನ್ನು ಗಮನಿಸಿ ಹೆಂಡತಿ ತುಂಬಿಸಿದ್ದಳು, ಅದೂ ಸಿಹಿನೀರು. ಹೇಳಿಕೊಡದೆಯೇ ತಿಳಿದುಕೊಂಡಳಲ್ಲ! ಅವನಿಗೆ ಅವಳ ಮೇಲೆ ನಿಜವಾದ ಗೌರವ ಹುಟ್ಟಿತು. ಹೇಳೋಣವೆಂದುಕೊಂಡ. ಅಷ್ಟರಲ್ಲಿ ಮೀನು ಸಂದಿನಿಂದ ಹೊರಬಂತು.

ಸೀಗಡಿ ತನ್ನ ಉದ್ದನೆಯ ಬಿಳಿ ಮೀಸೆ ಚಾಚಿತು. ಮೀನು ನಿಂತಿತು. ಮೀಸೆ ಅದರ ಮೈಯನ್ನು ತಡವಿತು, ಕುರುಡರು ಮುಖ ಗುರುತಿಸುವ ಹಾಗೆ. ಮೀನು ಅಲುಗಲಿಲ್ಲ. ಬಸವನಹುಳುಗಳು ಗಾಜಿನ ಮೇಲೆ ತಮ್ಮ ದಾರಿ ತಾವು ಹಿಡಿದಿದ್ದವು. ಎಂಥ ನಡತೆ, ಎಂಥ ಸಭ್ಯತೆ! ಗಾಳೆಪ್ಪನ ಕಣ್ಣು ಒದ್ದೆಯಾಯಿತು.

"ಬಸ್ಸಿನ ಹೊತ್ತಾತ್ರಿ," ಗ್ಯಾನಮ್ಮ ಹಿಂದೆ ಚೀಲ ಹಿಡಿದು ನಿಂತಿದ್ದಳು. "ನಾಳಿಗೆ ಏನ್ ಹೇಳ್ಲಿ?"

"ಶ್... ನೋಡಿಲ್ಲಿ, ಸೀಗಡಿ ಅದರ ಮೈ ತೊಳೀತೈತಿ."

ಅವಳು ಬಗ್ಗಿ ನೋಡಿದಳು. ಸ್ವಲ್ಪ ಹೊತ್ತು ಇಬ್ಬರ ಮುಖಗಳೂ ಗಾಜಿನಲ್ಲಿ ಒಟ್ಟಿಗೆ ಕಂಡವು.

"ಛಂದ ಐತಿ," ಎಂದಳು. "ನಾ ಬರಲೋ ಬ್ಯಾಡೋ?"

"ನೋಡೋಣು."

"ನೀವು ನೋಡ್ರಿ. ನೋಡೂದು ನಿಮಗ ಛಲೋ ಬರತೈತಿ." ಚಪ್ಪಲಿ ಮೆಟ್ಟಿದಳು. "ನಾ ಬರಂಗಿಲ್ಲ ಅಂತ ಹೇಳಿಬಿಡ್ತೀನಿ."

ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಅವಳನ್ನು ಕಳಿಸಿ ಬರಬೇಕಿತ್ತು. ಮೀನಿಗೆ ಹೊಸ ಜಾಗ, ಬಿಟ್ಟು ಹೋಗುವುದು ಹೇಗೆ? ಕಿಟಕಿಯಿಂದ ನೋಡಿದ. ಅವಳು ಮಾಸುಂಬಿಯ ಕಟ್ಟೆಯ ಬಳಿ ನಿಂತು ಏನೋ ಕೇಳಿದಳು. ಮಾಸುಂಬಿ ಹೊಲದ ದಿಕ್ಕಿಗೆ ಕೈಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗ್ಯಾನಮ್ಮ ಅವಳ ಕೈ ಹಿಡಿದು ಒಂದಿಷ್ಟು ಹೊತ್ತು ನಿಂತಿದ್ದು, ಆಮೇಲೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಬಸವನಹುಳುಗಳು ಗಾಜು ಬಿಟ್ಟು ಉದುರಿ ಮರಳಿನಲ್ಲಿ ಅಂಗಾತ ಬಿದ್ದಿದ್ದವು. ಸೀಗಡಿ ಒಂದು ಮಗ್ಗುಲಾಗಿ ಕಾಲಾಡಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಗಾಳೆಪ್ಪ ಮೊದಲು ಮೀನನ್ನೇ ಅನುಮಾನಿಸಿದ. ಮೈಯೆಲ್ಲ ಕಣ್ಣಾಗಿ ನೋಡಿದ. ಯಾವುದರ ಮೇಲೂ ಒಂದು ಗಾಯವಿಲ್ಲ.

ಅಡುಗೆಮನೆಗೆ ಹೋದ. ತಾಮ್ರದ ಕೊಡ ತಿಕ್ಕಿ ತೊಳೆದು ಬೋರಲು ಹಾಕಿತ್ತು, ಹೊಸದರಂತೆ ಹೊಳೆಯುತ್ತಿತ್ತು. ವಾರವಿಡೀ ಅವನು ಮುಟ್ಟದೆ ಬಿಟ್ಟ ನೀರನ್ನು ಅವಳು ಚೆಲ್ಲಿರಲಿಲ್ಲ, ತೊಟ್ಟಿಗೆ ಸುರಿದಿದ್ದಳು. ಈ ಸಲ ಕೊಡ ತುಂಬಿಟ್ಟೂ ಇರಲಿಲ್ಲ.

ತಿರುಗಿ ಬಂದು ಕುರ್ಚಿಯಲ್ಲಿ ಕೂತ. ತೊಟ್ಟಿಯೆಲ್ಲ ಈಗ ಮೀನಿನದೇ. ಅದು ಒಂದು ಸುತ್ತು ಹಾಕಿ, ಗಾಜಿನ ಹತ್ತಿರ ಬಂದು ನಿಂತು, ಅವನನ್ನು ನೋಡತೊಡಗಿತು.

ಅದು ಸೀಗಡಿಯನ್ನು ತಿಂದಿರಲಿಲ್ಲ, ಬಸವನಹುಳುಗಳನ್ನು ಮುಟ್ಟಿರಲಿಲ್ಲ. ಆಯ್ಕೆ ಸರಿಯಾಗಿತ್ತು.