ಮನೆ ಮುಂದೆ ನಿಲ್ಲಿಸಬಾರದ ಗಾಡಿ

ನಾನೊಂದು ವ್ಯಾನು. ಮುಂದೆ ಮೂಗಿಲ್ಲ, ಹಿಂದೆ ಬಾಲವಿಲ್ಲ. ನಾಲ್ಕೂ ಕಡೆ ತಗಡನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಚಪ್ಪಟೆ ಮುಚ್ಚಳ ಹಾಕಿ, ಕೆಳಗೆ ಗಾಲಿ ಕೊಟ್ಟರೆ ಏನಾಗುತ್ತದೋ ಅದೇ ನಾನು. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅದೇ ದಿನ ಪಕ್ಕದ ಸಾಲಿನಲ್ಲಿ ಹುಟ್ಟಿದ ಕಾರುಗಳಿಗೆ ಸೊಂಟವಿತ್ತು, ಇಳಿಜಾರು ಬೆನ್ನಿತ್ತು, ಉದ್ದನೆಯ ಮೂಗಿತ್ತು. ನನ್ನನ್ನು ರೂಪಿಸಿದ ಪುಣ್ಯಾತ್ಮ ಊಟಕ್ಕೆ ಏಳುವ ಅವಸರದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕು ಗೀಟು ಎಳೆದು ಹೋಗಿರಬೇಕು. ಬಿಳಿ ಬಣ್ಣ ಬಳಿದು ಕಳಿಸಿದರು.

ಹುಬ್ಬಳ್ಳಿಯ ಮಾರಾಟದ ಅಂಗಡಿಯಲ್ಲಿ ನನ್ನನ್ನು ಮೂಲೆಗೆ ನಿಲ್ಲಿಸಿದ್ದರು. ಬಂದವರಿಗೆಲ್ಲ ನನ್ನ ಬಗ್ಗೆ ಒಂದು ಅಭಿಪ್ರಾಯವಿತ್ತು, ಕೊಳ್ಳುವ ಮನಸ್ಸು ಮಾತ್ರ ಇರಲಿಲ್ಲ. ಒಬ್ಬ ಬ್ರೆಡ್ಡಿನ ಡಬ್ಬಿ ಅಂದ. ಇನ್ನೊಬ್ಬ ಬೆರಳಿನಿಂದ ಬಡಿದು ನೋಡಿ, "ಕಪಾಟಿಗೆ ಗಾಲಿ ಹಚ್ಯಾರಲೇ" ಎಂದು ಗೆಳೆಯನಿಗೆ ಹೇಳಿದ. ಹೆಂಗಸೊಬ್ಬಳು, "ಇದರಾಗ ಹೆಣಾ ಒಯ್ಯತಾರಲ್ಲ?" ಎಂದು ಸೆರಗು ಬಾಯಿಗೆ ಹಿಡಿದಳು. ಕೇಳಿ ಕೇಳಿ ನನಗೂ ನನ್ನ ಮೈಯ ಮೇಲೆ ಹೇಸಿಗೆ ಬಂದಿತ್ತು.

ಆಗ ಬಂದವಳು ನೀಲಾ. ಬಂದಳು ಅಂದರೆ ತಪ್ಪಾಗುತ್ತದೆ, ಹೊತ್ತು ತಂದರು. ಬೆಟಗೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಮಹಾರುದ್ರಪ್ಪನ ಹಿರಿಯ ಮಗಳು ಅವಳು. ಸಣ್ಣವಳಿದ್ದಾಗ ಬಂದ ಜ್ವರ ಇಳಿಯುವಾಗ ಕಾಲಿನ ಶಕ್ತಿಯನ್ನೂ ಇಳಿಸಿಕೊಂಡು ಹೋಗಿತ್ತು. ಮದುವೆ ವಯಸ್ಸಿನ ಮಗಳನ್ನು ಅಪ್ಪ ಎರಡೂ ತೋಳಲ್ಲಿ ಎತ್ತಿಕೊಂಡು ಒಂದೊಂದೇ ಕಾರಿನೊಳಗೆ ಬಗ್ಗಿಸಿ ಕೂರಿಸುತ್ತಿದ್ದ. ಸೊಂಟವಿದ್ದ ಆ ಸುಂದರಿಯರಲ್ಲಿ ಒಬ್ಬಳೂ ಅವಳಿಗೆ ಜಾಗ ಕೊಡಲಿಲ್ಲ. ಒಂದರಲ್ಲಿ ತಲೆ ಬಡಿಯಿತು, ಇನ್ನೊಂದರಲ್ಲಿ ಕಾಲು ಸಿಕ್ಕಿಕೊಂಡಿತು. ಕೊನೆಗೆ ಅವಳೇ ಮೂಲೆಯತ್ತ ಕೈ ಮಾಡಿದಳು. "ಅಪ್ಪಾ, ಅದರ ಬಾಗಲಾ ತಗಸು."

ನನ್ನ ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಒಳಗಿನ ನೆಲ ತಗ್ಗು, ಸಪಾಟು. ನೀಲಾ ಎರಡೂ ಅಂಗೈ ಊರಿ, ಯಾರ ಕೈಯನ್ನೂ ಹಿಡಿಯದೆ, ತನ್ನನ್ನು ತಾನೇ ಒಳಗೆ ಎಳೆದುಕೊಂಡಳು. ನೆಟ್ಟಗೆ ಕೂತು ಕಿಟಕಿಯಿಂದ ನೋಡಿದಳು. "ಎಷ್ಟ ಚಂದ ಐತಪಾ ಇದು!" ಅಂದಳು. ಮಾರುವವನು ನಗು ತಡೆಯಲಾರದೆ ಆಚೆ ತಿರುಗಿದ. ಹೀಗೆ ನಾನು ಬೆಟಗೇರಿಗೆ ಬಂದೆ.

ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನೀಲಾಳ ಕೆಲಸ. ಅದುವರೆಗೆ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುತ್ತಿದ್ದಳು, ಯಾರಾದರೂ ತಂದುಕೊಟ್ಟರೆ ಉಂಟು. ನಾನು ಬಂದ ಮೇಲೆ ಅವಳೇ ಪೇಟೆಗೆ ಹೊರಟಳು. ಮಹಾರುದ್ರಪ್ಪ ಬೆಳಿಗ್ಗೆ ಸೀರೆ ಅಂಗಡಿಗಳ ಸಾಲಿನೆದುರು, ಬೇವಿನ ಮರದ ಕೆಳಗೆ ನನ್ನನ್ನು ನಿಲ್ಲಿಸಿ ಗಿರಣಿಗೆ ನಡೆದು ಹೋಗುತ್ತಿದ್ದ. ಅವಳು ನನ್ನ ಬಾಗಿಲು ಸರಿಸಿ, ಹೊಸ್ತಿಲಲ್ಲಿ ಕೂತು, ರೇಷ್ಮೆ ಎಳೆ ಹರಡುತ್ತಿದ್ದಳು. ಹೆಂಗಸರು ಬಂದು ನಿಂತು ಬಣ್ಣ ಆರಿಸುತ್ತಿದ್ದರು, ಮನೆಯ ಸುದ್ದಿ ಹೇಳುತ್ತಿದ್ದರು, ಅವಳ ಕೈಗೆ ಬೋಂಡಾ ಕೊಡುತ್ತಿದ್ದರು. ಒಳಗೆ ತಾನೇ ಹೊಲಿದ ಪರದೆ ಕಟ್ಟಿದಳು. ನಾನು ಅವಳ ಅಂಗಡಿ, ಅವಳ ಪಡಸಾಲೆ, ಅವಳು ಕಂಡ ಊರಿಗೆಲ್ಲ ನಾನೇ ದಾರಿ. ನಾನಿಲ್ಲದಿದ್ದರೆ ಅವಳಿಗೆ ಮತ್ತೆ ಆ ಹಿಂದಿನ ಕೋಣೆಯೇ ಗತಿ.

ಮನೆಯ ಉಳಿದವರಿಗೆ ನಾನು ನಾಚಿಕೆಗೇಡು. ಕಿರಿಯ ಮಗಳು ಕಸ್ತೂರಿ ಕಾಲೇಜಿಗೆ ಹೊರಟರೆ ಹಿಂದಿನ ತಿರುವಿನಲ್ಲೇ ಇಳಿದುಬಿಡುತ್ತಿದ್ದಳು. "ಗೇಟಿನ ಮಟಾ ಬರಬ್ಯಾಡಪಾ, ಹುಡುಗ್ಯಾರು ನಗತಾರ" ಎನ್ನುತ್ತಿದ್ದಳು. ಗಿರಣಿಗೆ ಬಂದವರು ಮಹಾರುದ್ರಪ್ಪನನ್ನು, "ಏನ್ರೀ, ಹಿಟ್ಟಿನ ಡಬ್ಬಿ ತಂದೀರಲ್ಲ ಓಡಾಡಾಕ" ಎಂದು ಕೆಣಕುತ್ತಿದ್ದರು. ಅವನು ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ಮೊದಲು ಸುಮ್ಮನಾಗುತ್ತಿದ್ದವನು ಆಮೇಲೆ ಅವರಿಗಿಂತ ಮುಂಚೆ ತಾನೇ ನನ್ನನ್ನು ಆಡಿಕೊಂಡು ನಗತೊಡಗಿದ.

ಕಸ್ತೂರಿಗೆ ರೋಣದ ಕಡೆಯಿಂದ ಒಂದು ಸಂಬಂಧ ಬಂತು. ನೌಕರಿಯ ಹುಡುಗ, ಒಳ್ಳೆಯ ಮನೆತನ. ತಂದವನು ಚನ್ನವೀರಯ್ಯ, ಎರಡು ಮನೆಗಳ ನಡುವೆ ಮಾತು ಬೆಸೆಯುವುದೇ ಅವನ ಉದ್ಯೋಗ. ಆ ಉದ್ಯೋಗದಲ್ಲಿ ಅವನು ಒಂದು ಮಾತನ್ನು ಹೇಳದೆ ನುಂಗಿದ್ದ. ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ, ಅವಳಿಗೆ ಕಾಲಿಲ್ಲ ಎಂದು ತಿಳಿದರೆ ಬೀಗರು ರಕ್ತದಲ್ಲೇ ದೋಷವಿದೆ ಅಂದುಕೊಳ್ಳುತ್ತಾರೆ ಎಂದು ಅವನ ಲೆಕ್ಕ. "ಒಬ್ಬಾಕೀನ ಮಗಳು ಅಂತ ಹೇಳೀನಿ. ನೀವೂ ಹಂಗ ನಡಸ್ಕೊಂಡು ಹೋಗ್ರಿ" ಅಂದ. ಬೀಗರು ಬರುವ ದಿನ ನೀಲಾಳನ್ನು ಅವಳ ಸೋದರತ್ತೆಯ ಊರಿಗೆ ಕಳಿಸುವುದೆಂದು ಮಾತಾಯಿತು. ಆದರೆ ಅವರು ಹೇಳಿದ ದಿನ ಬರಲಿಲ್ಲ. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಚನ್ನವೀರಯ್ಯ ಏದುಸಿರು ಬಿಡುತ್ತ ಓಡಿ ಬಂದು, "ಹೊಂಟಾರ್ರೀ, ಈಗ ಬರ್ತಾರ" ಅಂದ.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹೆಣ್ಣನ್ನಷ್ಟೇ ನೋಡಿ ಹೋಗುವುದಿಲ್ಲ. ಗಂಡಸರು ಪಡಸಾಲೆಯಲ್ಲಿ ಕೂತಿದ್ದಾಗ ಹೆಂಗಸರು "ಮನಿ ನೋಡತೀವ್ರಿ" ಎಂದು ಎದ್ದು, ಅಡುಗೆಮನೆ, ದೇವರ ಕೋಣೆ, ಮಲಗುವ ಕೋಣೆ ಎಲ್ಲವನ್ನೂ ಹೊಕ್ಕು ಬರುತ್ತಾರೆ. ಬೇಡ ಅನ್ನುವಂತಿಲ್ಲ. ನೀಲಾಳನ್ನು ಒಳಗೆ ಎಲ್ಲಿ ಕೂರಿಸಿದರೂ ಅವರ ಕಣ್ಣಿಗೆ ಬೀಳುತ್ತಾಳೆ. ನೆರೆಮನೆಯಲ್ಲಿ ಬಿಟ್ಟರೆ ಓಣಿಗೆಲ್ಲ ಮಾತಾಗುತ್ತದೆ. ಪೇಟೆಗೆ ಬಿಟ್ಟು ಬರಲು ಹೊತ್ತಿಲ್ಲ. ತಾಯಿ ಶಾಂತವ್ವ ಅಳುತ್ತಲೇ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಚನ್ನವೀರಯ್ಯನ ಕಣ್ಣು ಮನೆ ಮುಂದೆ ನಿಂತಿದ್ದ ನನ್ನ ಮೇಲೆ ಬಿತ್ತು.

"ಮೊದಲ ಇದನ್ನ ತಗೀರಿ. ಬಾಗಲ ಮುಂದ ಇಂಥಾ ಗಾಡಿ ನಿಂತ್ರ ಮನೆತನದ ಬೆಲಿ ಏನ್ ಉಳೀತು? ಹಿಂದಿನ ಸಂದ್ಯಾಗ ಹಚ್ರಿ, ನೀಲವ್ವನ್ನೂ ಅದರಾಗ ಕೂಡಸ್ರಿ. ಕಾಣಬಾರದ್ದು ಎರಡೂ ಒಂದ ಕಡೆ ಇರ್ಲಿ" ಎಂದು ನಕ್ಕ.

ಯಾರೂ ಅವನನ್ನು ಬೈಯಲಿಲ್ಲ. ಮಹಾರುದ್ರಪ್ಪ ಮಗಳನ್ನು ಎತ್ತಿ ತಂದು ಒಳಗೆ ಕೂರಿಸಿದ. ಹಿಂದಿನ ಸಂದಿಯಲ್ಲಿ ಹಿತ್ತಲ ಗೋಡೆಗೆ ಒತ್ತಿ ನನ್ನನ್ನು ನಿಲ್ಲಿಸಿ, ಗಾಜು ಏರಿಸಿ, ಪರದೆ ಎಳೆದ. "ಒಂದ ತಾಸಿನ ಮಾತವ್ವಾ. ಗಾಜು ತಗೀಬ್ಯಾಡ, ಉಸುರ ಬಿಡಬ್ಯಾಡ" ಎಂದು ಹೇಳಿ ಹೊರಗಿನಿಂದ ಬೀಗ ಹಾಕಿದ. "ನಾ ಎಲ್ಲಿ ಹೋಗ್ಲೆಪಾ ಓಡಿ?" ಎಂದಳು ನೀಲಾ.

ಬೇಸಿಗೆಯ ದಿನ, ಹೊತ್ತು ನಡುಹಗಲಿಗೆ ಏರುತ್ತಿತ್ತು. ನನ್ನ ಮೈ ತಗಡಿನದು, ಬಿಸಿಲು ಬಿದ್ದರೆ ಕಾಯುತ್ತದೆ, ಅದು ನನ್ನ ಕೈಯಲ್ಲಿಲ್ಲ. ಬೀಗರು ಬಂದರು. ಹೆಣ್ಣು ಒಪ್ಪಿಗೆಯಾಯಿತು. ಅಲ್ಲಿಗೆ ಎದ್ದು ಹೋಗಬೇಕಿದ್ದವರು ಹೋಗಲಿಲ್ಲ. ದಿನ ಚಲೋ ಇದೆ, ಮದುವೆ ಗೊತ್ತುಮಾಡುವ ಸಕ್ಕರೆ ಶಾಸ್ತ್ರ ಇವತ್ತೇ ಮುಗಿಸಿಬಿಡೋಣ ಎಂದು ಗಂಡಿನ ಕಡೆಯವರೇ ಅಂದರಂತೆ. ಶಾಸ್ತ್ರ ಎಂದ ಮೇಲೆ ಹೋಳಿಗೆ ಬೇಕು, ಹೋಳಿಗೆ ಅಂದ ಮೇಲೆ ಊಟ. ಗೋಡೆಯಾಚೆ ಕಣಕ ನಾದುವ ಸದ್ದು, ನಗು, ತಟ್ಟೆಯ ಸದ್ದು ಕೇಳುತ್ತಲೇ ಇತ್ತು. ಒಳಗೆ ನೀಲಾ ರವಿಕೆ ನೆನೆದು, ಬಾಯಿ ತೆರೆದು, ಸೀಟಿಗೆ ಒರಗಿದ್ದಳು. ನೀರಿನ ಬಾಟಲಿ ಇಡಲು ಯಾರಿಗೂ ನೆನಪಾಗಿರಲಿಲ್ಲ. ಒಮ್ಮೆ ಮುಂದಿನ ಸೀಟುಗಳ ನಡುವೆ ತೂರಿ ಹಾರ್ನಿನ ಮೇಲೆ ಕೈ ಇಟ್ಟಳು. ಒತ್ತು ತಾಯಿ, ಒತ್ತು ಎಂದು ನಾನು ಬೇಡಿಕೊಂಡೆ. ಒಳಗಿಂದ ಕಸ್ತೂರಿಯ ನಗು ಕೇಳಿಸಿತು. ನೀಲಾ ಕೈ ಹಿಂದೆ ತೆಗೆದುಕೊಂಡಳು.

ಅಷ್ಟರಲ್ಲಿ ಹುಡುಗನ ಅಜ್ಜ ಬಸಲಿಂಗಪ್ಪ ಕೋಲೂರಿಕೊಂಡು ಹಿತ್ತಲಿಗೆ ಬಂದ. ಗೋಡೆಯ ಮೇಲಿಂದ ನನ್ನನ್ನು ಕಂಡವನೇ ಹಿತ್ತಲ ಬಾಗಿಲು ದಾಟಿ ಸಂದಿಗೆ ಇಳಿದ. ನನ್ನ ಸುತ್ತ ಒಂದು ಸುತ್ತು ಹಾಕಿ ನೆತ್ತಿಯ ತನಕ ಸವರಿದ. ನೀಲಾ ಸೀಟಿನ ಕೆಳಗೆ ಜಾರಿ, ಪರದೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು.

"ಎಂಥಾ ಗಾಡಿ!" ಅಂದ ಅಜ್ಜ. "ತಲಿ ಬಗ್ಗಸೂದು ಬ್ಯಾಡ, ಮೊಣಕಾಲ ಮಡಚೂದು ಬ್ಯಾಡ. ಮನ್ಯಾಗ ಹೊಕ್ಕಂಗ ಹೊಕ್ಕು ಕೂಡಬೇಕು. ಈಗಿನ ಕಾರಿನಾಗ ಕೂತ್ರ ತಗ್ಗಿನ್ಯಾಗ ಬಿದ್ದಂಗ ಆಕ್ಕೈತಿ. ಇದು ನೋಡು, ಖರೇನ ಚಂದ."

ಹಿಂದೆಯೇ ಓಡಿ ಬಂದ ಮಹಾರುದ್ರಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಮುದುಕ ಬಾಗಿಲ ಹಿಡಿಕೆ ಜಗ್ಗಿದ, ಬರಲಿಲ್ಲ. "ಬೀಗರ, ಇದು ನಿಮ್ದೇನ್ರೀ?"

ಆ ಕ್ಷಣದಲ್ಲಿ ನನ್ನ ಪೆದ್ದು ಮೈ ಉಬ್ಬಿತ್ತು. ಜನ್ಮದಲ್ಲಿ ಎರಡನೆಯ ಸಲ ನನ್ನನ್ನು ಚಂದ ಎಂದಿದ್ದರು. ಇವನು ಹೌದು ಅನ್ನುತ್ತಾನೆ, ಹೆಮ್ಮೆಯಿಂದ ಅನ್ನುತ್ತಾನೆ ಎಂದುಕೊಂಡೆ.

"ನಮ್ದಲ್ರೀ" ಎಂದ ಮಹಾರುದ್ರಪ್ಪ. "ಯಾರೋ ತಂದು ಬಿಟ್ಟು ಹೋಗ್ಯಾರ್ರೀ."

ನಡುವೆ ಇದ್ದದ್ದು ಒಂದು ಗಾಜು. ನೀಲಾಳಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಸಂಜೆ ಬೀಗರು ಹೋದ ಮೇಲೆ ಬಾಗಿಲು ತೆಗೆದಾಗ ಅವಳು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ನೀರು ಚಿಮುಕಿಸಿದರು, ಗಾಳಿ ಬೀಸಿದರು. ಎಚ್ಚರವಾದಾಗ ಶಾಂತವ್ವ ಬಾಯಿಗೆ ಸಕ್ಕರೆ ಹಾಕಿ, "ತಂಗೀದು ಲಗ್ನ ಗೊತ್ತಾತವ್ವಾ" ಎಂದು ಅತ್ತಳು. ನೀಲಾ ಸಕ್ಕರೆ ನುಂಗಿದಳು.

ಅಜ್ಜ ನನ್ನನ್ನು ಮರೆಯಲಿಲ್ಲ. ನಾಲ್ಕು ದಿನ ಬಿಟ್ಟು ಚನ್ನವೀರಯ್ಯ ಅವನ ಮಾತು ಹೊತ್ತು ತಂದ. ಆ ಗಾಡಿ ಯಾರದೆಂದು ಬೀಗರೇ ವಿಚಾರಿಸಲಿ, ಕೊಡುವುದಾದರೆ ಕೊಂಡುಕೊಳ್ಳುತ್ತೇನೆ, ಇಲ್ಲವಾದರೆ ನಾನೇ ಬಂದು ಓಣಿಯಲ್ಲಿ ಕೇಳುತ್ತೇನೆ ಅಂದಿದ್ದನಂತೆ. ಮುದುಕ ಓಣಿಗೆ ಬಂದು ಕೇಳಿದರೆ ಗಾಡಿ ಯಾರದೆಂದು ಯಾವ ಕೂಸಾದರೂ ಹೇಳುತ್ತದೆ, ಅದರಲ್ಲಿ ಕೂರುವವಳು ಯಾರೆಂದೂ ಹೇಳುತ್ತದೆ. "ಕೊಟ್ಟ ಬಿಡ್ರಿ. ಕೊಂಡು ತಂದೀವಿ ಅಂತ ಹೇಳಿ ಅಳಿಯಗ ಉಡುಗೊರಿ ಕೊಡ್ರಿ, ನಿಮ್ಮ ಮಾನನೂ ಉಳೀತೈತಿ" ಎಂದ ಚನ್ನವೀರಯ್ಯ. ಕಾಗದದಲ್ಲಿ ನನ್ನನ್ನು ಮೊದಲು ತನ್ನ ಸ್ವಂತ ಮಗಳ ಗಂಡನ ಹೆಸರಿಗೆ ಮಾಡಿಸಿ, ಅಲ್ಲಿಂದ ರೋಣಕ್ಕೆ ದಾಟಿಸುವ ಉಪಾಯವನ್ನೂ ಅವನೇ ಹೇಳಿದ. ಹಳೆಯ ಹೆಸರನ್ನು ಯಾರು ಓದುತ್ತಾರೆ?

ಅಪ್ಪ ಮಗಳ ಮುಂದೆ ಕೂತು ಗಾಡಿಯ ಮಾತು ತೆಗೆದ. ಅದೂ ಅರ್ಧಕ್ಕೇ ನಿಂತಿತು. ನೀಲಾ ರೇಷ್ಮೆ ಎಳೆ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಕೊಟ್ಟ ಬಿಡಪಾ. ಹ್ಯಾಂಗೂ ಅದು ನಮ್ದಲ್ಲಲ್ಲ" ಎಂದಳು.

ನನ್ನನ್ನು ತೊಳೆದರು, ಹೂವಿನ ಹಾರ ಹಾಕಿದರು. ಆ ಡಬ್ಬಿಯ ಮೂತಿಗೆ ಹಾರ ನಿಲ್ಲುವುದಿಲ್ಲ ಎಂದು ಅದಕ್ಕೂ ನಕ್ಕರು. ಮದುವೆಯ ದಿನಗಳಲ್ಲಿ ನೀಲಾ ಸೋದರತ್ತೆಯ ಊರಿನಲ್ಲಿದ್ದಳು. ತಂಗಿಯ ಧಾರೆ ಸೀರೆಗೆ ಕುಚ್ಚು ಕಟ್ಟಿಟ್ಟು ಹೋಗಿದ್ದಳು. ಬೇವಿನ ಮರದ ಕೆಳಗೆ ಆಮೇಲೆ ಯಾರೋ ಕಬ್ಬಿನ ಹಾಲಿನ ಗಾಡಿ ಹಚ್ಚಿದರಂತೆ.

ರೋಣದಲ್ಲಿ ಅಜ್ಜ ನನ್ನನ್ನು ಪ್ರೀತಿಯಿಂದಲೇ ನೋಡಿಕೊಂಡ. ನಾನು ಅವನನ್ನು ಹೊಲಕ್ಕೆ, ಮಠಕ್ಕೆ, ದವಾಖಾನೆಗೆ ಕರೆದೊಯ್ದೆ. ಕಸ್ತೂರಿ ನನ್ನೊಳಗೆ ಕೂತಾಗಲೆಲ್ಲ ಹಿಂದಿನ ಸೀಟಿನತ್ತ ತಿರುಗಿ ನೋಡುತ್ತಿರಲಿಲ್ಲ. ಗಂಡನ ಮನೆಯಲ್ಲಿ ಅವಳು ಒಬ್ಬಳೇ ಮಗಳಾಗಿಯೇ ಉಳಿದಳು.

ಮೊದಲ ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಬಿಡಲು ಅಜ್ಜನೇ ಹೊರಟ, ಯಾರೋ ಓಡಿಸುವವನನ್ನು ಕೂರಿಸಿಕೊಂಡು. ಸಂಜೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು, ಮುದುಕ ಅವಸರ ಮಾಡಿ ಬೆಳಿಗ್ಗೆಯೇ ಹೊರಡಿಸಿದ. ನಾನು ಬೆಟಗೇರಿಯ ಆ ಬಾಗಿಲ ಮುಂದೆ, ಎಲ್ಲರೂ ಕಾಣುವಂತೆ, ಹೋಗಿ ನಿಂತೆ. ಕಟ್ಟೆಯ ಮೇಲೆ ನೀಲಾ ಕೂತಿದ್ದಳು. ಎತ್ತಿ ಒಳಗೊಯ್ಯಲು ಮಹಾರುದ್ರಪ್ಪ ಹೊರಗೆ ಬರುವಷ್ಟರಲ್ಲಿ ಅಜ್ಜ ಇಳಿದಾಗಿತ್ತು.

"ಈಕಿ ಯಾರ್ರೀ?" ಎಂದ ಅಜ್ಜ.

ಅಪ್ಪನಿಗಿಂತ ಮೊದಲು ಉತ್ತರ ಹೇಳಿದವಳು ಕಸ್ತೂರಿ. "ಕುಚ್ಚು ಕಟ್ಟಾಕಿರೀ ಅಜ್ಜಾರ. ಕೆಲಸಕ್ಕ ಬರ್ತಾಳ."

ಅಜ್ಜ ಒಳ್ಳೆಯವನು, ಅದೇ ದೊಡ್ಡ ಶಿಕ್ಷೆ. ಅವಳ ಪಕ್ಕದಲ್ಲೇ ಕಟ್ಟೆಗೆ ಕೂತು, ಕೋಲಿನಿಂದ ನನ್ನನ್ನು ತೋರಿಸಿದ. "ನೋಡವಾ, ನಮ್ಮ ಗಾಡಿ. ಕಂಡೋರೆಲ್ಲಾ ನಗತಾರ. ನೀ ಹೇಳು, ಚಂದ ಐತೋ ಇಲ್ಲೋ?"

ನೀಲಾ ಕೈಯಲ್ಲಿದ್ದ ಎಳೆಯನ್ನು ಬದಿಗಿಟ್ಟು ನನ್ನನ್ನು ನೋಡಿದಳು. ಬಾಗಿಲು ಸರಿದೇ ಇತ್ತು, ಒಳಗಿನ ನೆಲ ಅವಳಿಗೆ ಕಾಣುತ್ತಿತ್ತು. ಓಡಿ ಬಂದು ಅವಳನ್ನು ಎತ್ತಿ ಕೂರಿಸಿಕೊಳ್ಳುವ ಹಾಗಿದ್ದರೆ ಎಂದು ನನ್ನ ಜೀವ ಒದ್ದಾಡಿತು.

"ಹೊರಗಿಂದ ಚಂದ ಐತ್ರೀ" ಎಂದಳು. "ಬಾಗಲಾ ಹಾಕಿದ್ರ ಜೀವ ಹೋಕ್ಕೈತಿ."

"ನಿನಗ ಹ್ಯಾಂಗ ಗೊತ್ತು?" ಎಂದು ಅಜ್ಜ ನಕ್ಕ.

"ನೋಡಿದ್ರ ಗೊತ್ತಾಗತೈತ್ರೀ" ಎಂದು ಎಳೆ ಕೈಗೆತ್ತಿಕೊಂಡಳು. ಮಹಾರುದ್ರಪ್ಪ ಬೀಗರನ್ನು ಕರೆಯುವುದನ್ನೂ ಮರೆತು ತಾನೊಬ್ಬನೇ ಒಳಗೆ ಹೋಗಿಬಿಟ್ಟ.

ಅಜ್ಜ ತೀರಿಕೊಂಡ ಮೇಲೆ ನನಗೆ ಬೆಲೆ ಉಳಿಯಲಿಲ್ಲ. ಕೋಳಿ ಒಯ್ಯುವವನು, ಶಾಮಿಯಾನದವನು, ಕೊನೆಗೆ ಈ ಗುಜರಿ. ಮೊನ್ನೆ ಕೊಯ್ಯುವವನು ಬಂದು ನೋಡಿ ಖುಷಿಪಟ್ಟ. ಉಬ್ಬು ತಗ್ಗು ಇಲ್ಲ, ಸೀದಾ ತಗಡು, ಕತ್ತರಿಸಲು ಬಲು ಸಲೀಸು ಎಂದ. ಪಕ್ಕದಲ್ಲಿ ಸೊಂಟದ ಕಾರುಗಳೂ ಬಿದ್ದಿವೆ, ಅವುಗಳಿಗೆ ಅವನು ಬೈಯುತ್ತಾನೆ. ನನ್ನ ರೂಪದ ಬಗ್ಗೆ ಜನ ಆಡಿದ್ದನ್ನೆಲ್ಲ ಇಲ್ಲಿ ಕೂತು ನೆನೆಯುತ್ತೇನೆ. ಡಬ್ಬಿ, ಕಪಾಟು, ಹೆಣದ ಗಾಡಿ ಎಂದವರ ಮೇಲೆ ಈಗ ಸಿಟ್ಟಿಲ್ಲ. ಚಂದ ಎಂದು ಹೊಗಳಿದ ಅಜ್ಜನನ್ನು ಮಾತ್ರ ಕ್ಷಮಿಸಲಾರೆ. ಆ ಮಧ್ಯಾಹ್ನ ಅವನೂ ನನ್ನನ್ನು ಕಂಡು ಮೂಗು ಮುರಿದು ಹೋಗಿದ್ದರೆ, ನೀಲಾ ಇಂದಿಗೂ ನನ್ನ ಹೊಸ್ತಿಲಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದಳು.