ಕಿತ್ತಳೆ ಬಿಲ್ಲೆಯ ಅಕ್ಕ

ಆಸ್ಪತ್ರೆಯ ಹಜಾರದ ನಟ್ಟನಡುವೆ ನಡೆಯುವ ಅಧಿಕಾರ ತನಗಿಲ್ಲವೆಂದು ಯಾರೋ ತೀರ್ಪು ಕೊಟ್ಟಂತೆ, ಅಕ್ಕ ಸದಾ ಗೋಡೆಯನ್ನು ಸವರಿಕೊಂಡೇ ನಡೆಯುತ್ತಿದ್ದರು. ವಾರ್ಡಿನ ಆಯಾ, ರೋಗಿಗಳಿಗೂ ವೈದ್ಯರಿಗೂ 'ಕಿತ್ತಳೆ ಅಕ್ಕ'. ಮಾಸಿದ ನೀಲಿ ಕೋಟಿನ ಒಂದು ಜೇಬಿನಲ್ಲಿ ಥರ್ಮಾಮೀಟರು, ಇನ್ನೊಂದರಲ್ಲಿ ದಬ್ಬಣ, ದಾರದುಂಡೆ. ಹಾಸಿಗೆ ಬದಲಿಸಿದರೂ 'ಆಯ್ತಲ್ಲ' ಎನ್ನುವರು; ಸತ್ತವರ ಕಣ್ಣು ಮುಚ್ಚಿದಾಗಲೂ, ದನಿ ತಗ್ಗಿಸಿ, ಅದೇ 'ಆಯ್ತಲ್ಲ'.

ತೊಡೆಯ ಮೂಳೆ ಮುರಿದುಕೊಂಡು ನಾನಲ್ಲಿ ಎರಡು ತಿಂಗಳು ಮಲಗಿದ್ದೆ. ವರ್ಷಾಂತ್ಯದ ರಜೆ ಸಮೀಪಿಸಿದಂತೆ ಅಕ್ಕ, ರೋಗಿಗಳು ಒಲ್ಲೆವೆಂದ ಕಿತ್ತಳೆಗಳನ್ನು ತೆಳುವಾದ ಬಿಲ್ಲೆಗಳಾಗಿ ಕೊಯ್ದು, ಬಟ್ಟೆಯಿಂದ ರಸವೊತ್ತಿ, ವಾರ್ಡನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳ ಮೇಲಿಟ್ಟ ಜಾಲರಿಯಲ್ಲಿ ಹರಡಿ, ನಮ್ಮನ್ನು ಹೊರಳಿಸುವಷ್ಟೇ ಶ್ರದ್ಧೆಯಿಂದ ದಿನಕ್ಕೆರಡು ಬಾರಿ ಮಗ್ಗುಲು ಬದಲಿಸುತ್ತಿದ್ದರು. ಒಣಗಿ ಗಾಜಿನಂತಾದವನ್ನು ದಾಲ್ಚಿನ್ನಿ ಚಕ್ಕೆಗಳೊಡನೆ ಪೋಣಿಸಿ ಕಿಟಕಿಗೆ ಕಟ್ಟುವರು.

"ಮನೆಗೆ ಹೋಗಲಾರದೋರಿಗೂ ರಜೆ ಬಂತು ಅಂತ ಗೊತ್ತಾಗ್ಬೇಡ್ವಾ?"

ನನ್ನ ಪಕ್ಕದ ಹಾಸಿಗೆಯಲ್ಲಿ ಏನೂ ನುಂಗಲಾಗದಂತೆ ಗಂಟಲು ಕಟ್ಟಿಹೋದ ಮುದುಕ ಲಾರಿ ಚಾಲಕನಿದ್ದ. ಮಗಳು ದಿನ ಬಿಟ್ಟು ದಿನ, ಹಿತ್ತಲ ಮರದ ಕೆಂಪು ತಿರುಳಿನ ಕಿತ್ತಳೆ ತರುವಳು. ಅವಳು ಬೆನ್ನು ತಿರುಗಿಸಿದ್ದೇ ತಡ, ಆತ ಚೀಲವನ್ನು ಅಕ್ಕನತ್ತ ತಳ್ಳುತ್ತಿದ್ದ.

"ನೀರೂ ಇಳೀತಿಲ್ಲ. ಮಗಳಿಗೆ ಹೇಳ್ಬೇಡಮ್ಮ. ಅಪ್ಪ ತಿಂದ ಅಂತ್ಲೇ ಅಂದ್ಕೊಂಡಿರ್ಲಿ."

ಆತ ತೀರಿಕೊಂಡ ಐದನೆಯ ದಿನ, ಬಟ್ಟೆಬರೆ ಒಯ್ಯಲು ಬಂದ ಮಗಳು ಕಿಟಕಿಯ ಕೆಂಪು ತೋರಣವನ್ನು ಕಂಡಳು. ಹತ್ತಿರ ಹೋಗಿ ಮುಟ್ಟಿದಳು.

"ಇದು ನಮ್ಮನೆ ಹಣ್ಣು. ನಮ್ಮಪ್ಪನ ಬಾಯಿಂದ ಕಿತ್ಕೊಂಡ್ರಾ?"

ನಾನು ಬಾಯಿ ತೆರೆದೆ. ಅಕ್ಕ ನನ್ನತ್ತ ನೋಡಿದರು, ಅಷ್ಟೇ.

"ತಪ್ಪಾಯ್ತಮ್ಮ. ಒಂದಷ್ಟು ಎತ್ಕೊಂಡೆ. ಮಿಕ್ಕಿದ್ದೆಲ್ಲ ಅಪ್ಪ ತಿಂದ್ರು. ಆಸೆಪಟ್ಟು ತಿಂದ್ರು."

ಮಗಳು ತೋರಣ ಕಿತ್ತೆಸೆದು, ಅದರ ಮೇಲೆಯೇ ಕುಸಿದು ಅತ್ತಳು. ಸಂಜೆಯೊಳಗೆ ಹಿರಿಯ ದಾದಿಯ ಆಜ್ಞೆಯಂತೆ ಕಿಟಕಿಗಳೆಲ್ಲ ಬೋಳಾದವು. ರೋಗಿಗಳ ಹಣ್ಣು ಕದ್ದವಳೆಂಬ ಹಣೆಪಟ್ಟಿ ಹಚ್ಚಿ, ಅಕ್ಕನನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಕಳಿಸಿದರು.

ನನಗೆ ಬಿಡುಗಡೆಯಾದ ದಿನ ಊರುಗೋಲು ಊರುತ್ತ ಅಲ್ಲಿಗಿಳಿದೆ. ಸೋಡಾಪುಡಿಗೆ ಅವರ ಬೆರಳುಗಳು ಬಿರಿದಿದ್ದವು.

"ಈಗಲಾದ್ರೂ ನಿಜ ಹೇಳ್ಲಾ, ಅಕ್ಕ?"

"ಹೇಳಿ ಏನ್ಮಾಡ್ತೀರಿ? ಕಳ್ಳಿ ಮೇಲಿನ ಸಿಟ್ಟು ಒಂದಲ್ಲ ಒಂದು ದಿನ ಇಳಿಯುತ್ತೆ. ಅಪ್ಪ ಹಸ್ಕೊಂಡು ಹೋದ ಅನ್ನೋದು ಇಳಿಯಲ್ಲ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಹೇಳಬೇಕಾಗಿಲ್ಲವಲ್ಲ ಎಂದು ಒಳಗೊಳಗೇ ಹಗುರವೂ ಆಯಿತು. ಮೂರು ವರ್ಷದ ಮೇಲೆ, ಆ ನೆಲಮಾಳಿಗೆಯಿಂದಲೇ, ಒಂದು ಹಾರವೂ ಇಲ್ಲದೆ ಅಕ್ಕ ನಿವೃತ್ತರಾದರಂತೆ.

ಪರರ ದುಃಖದ ಭಾರವನ್ನು ಒಂದು ಗುಲಗಂಜಿ ತೂಕವಾದರೂ ಇಳಿಸಲೆಂದು ತಮ್ಮ ಹೆಸರನ್ನೇ ಕೆಡಿಸಿಕೊಳ್ಳುವ ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರ ನಿಜ ಬಲ್ಲ ಒಬ್ಬಿಬ್ಬರೂ ಇರುತ್ತೇವೆ. ಮಾತು ಕೊಟ್ಟಿದ್ದೇವೆಂಬ ನೆಪದಲ್ಲಿ ಸುಮ್ಮನಿದ್ದು, ಕೇಳಬೇಕಾದವರು ಯಾರೂ ಉಳಿಯದ ಮೇಲೆ ಬರೆಯಲು ಕೂರುತ್ತೇವೆ.