ಗಾಳಿ ಬರುವ ಮುನ್ನ ಒಂದು ಪೋಲ್ಕಾ

ವೆಲ್ಮಾಳ ಬಾರಿನಲ್ಲಿ ಶನಿವಾರ ಮಧ್ಯಾಹ್ನದ ಆಮೆ ಓಟ ಶುರುವಾಗುವುದರಲ್ಲಿತ್ತು. ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ದಬ್ಬಿ, ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಸುತ್ತು ಬರೆದಿದ್ದರು. ಅದರ ನಡುವೆ ಬೋರಲು ಹಾಕಿದ ಟಬ್ಬು, ಟಬ್ಬಿನಡಿ ಬೆನ್ನಿಗೆ ಬಣ್ಣದ ಅಂಕೆ ಬಳಿಸಿಕೊಂಡ ಆಮೆಗಳು. ಯಾವ ಆಮೆ ಮೊದಲು ಗೆರೆ ದಾಟುತ್ತದೋ ಅದನ್ನು ಆರಿಸಿಕೊಂಡವರಿಗೆ ಒಂದು ಇಡೀ ಹಂದಿತೊಡೆ ಬಹುಮಾನ. ಸರೋವರದ ದಂಡೆಯ ಮೈದಾನದಲ್ಲಿ ಪೋಲ್ಕಾ ಕುಣಿತದ ಉತ್ಸವ ನಡೆಯುವಾಗ, ವಾದ್ಯದವರು ದಣಿವಾರಿಸಿಕೊಳ್ಳುವ ಹೊತ್ತಿಗೆ ಊರಿಗೆ ಊರೇ ರಸ್ತೆ ದಾಟಿ ಇಲ್ಲಿ ನುಗ್ಗುತ್ತಿತ್ತು.

ಆರ್ಡಿಸ್ ಆಮೆಗಳ ಕಡೆ ನೋಡುತ್ತಿರಲಿಲ್ಲ. ಗಂಡ ಎಲ್ರಾಯ್‌ನ ಮೊಣಕೈ ಹಿಡಿದುಕೊಂಡು, ನೋಡುವವರಿಗೆ ಅದು ಪ್ರೀತಿಯ ಹಾಗೆ ಕಾಣಲಿ ಎಂದು ನಗುತ್ತ ನಿಂತಿದ್ದಳು.

ಚಳಿಗಾಲದಿಂದ ಅವನಿಗೆ ಮರೆವು ಹತ್ತಿತ್ತು. ಮೊದಮೊದಲು ಒಲೆಯ ಮೇಲಿಟ್ಟ ನೀರು ಮರೆಯುತ್ತಿದ್ದ. ಆಮೇಲೆ ಚರ್ಚಿನ ದಾರಿ. ಹಿಮ ಕರಗಿದ ಮೇಲೆ ಒಂದು ದಿನ ಪಕ್ಕದ ಮನೆಯವರ ಕಾರಿನಲ್ಲಿ ಹೋಗಿ ಕೂತು, ಇದೇಕೆ ನನ್ನ ಕೀಲಿಗೆ ಹೊರಡುತ್ತಿಲ್ಲ ಎಂದು ಅಳುವಷ್ಟು ಸಿಟ್ಟಾಗಿದ್ದ. ಪೇಟೆಯ ಡಾಕ್ಟರು ಕಾಯಿಲೆಯ ಹೆಸರು ಹೇಳಿ ಕಳಿಸಿದರು. ಆರ್ಡಿಸ್ ಆ ಹೆಸರನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ, ಚಿಕ್ಕಂದಿನಿಂದ ಜೊತೆಗೆ ಬೆಳೆದ ವೆಲ್ಮಾಳ ಮುಂದೆಯೂ. ಊರ ಪೋಲ್ಕಾ ಮೇಳದಲ್ಲಿ ಎಷ್ಟೋ ವರ್ಷ ಅಕಾರ್ಡಿಯನ್ ನುಡಿಸಿದವನು ಎಲ್ರಾಯ್. ಉತ್ಸವಕ್ಕೆ ಬಾರದಿದ್ದರೆ ಜನ ಯಾಕೆಂದು ಕೇಳುತ್ತಾರೆ, ಬಂದರೆ ಕಣ್ಣಾರೆ ನೋಡುತ್ತಾರೆ. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ಅವಳು ಬಂದುಬಿಟ್ಟಿದ್ದಳು.

"ಏನೋ ಎಲ್ರಾಯ್, ಈ ಸಲ ಯಾವ ಆಮೆ ನಿಂದು?" ವೆಲ್ಮಾ ಕೌಂಟರಿನ ಹಿಂದಿನಿಂದ ಕೂಗಿದಳು. "ಹೋದ ವರ್ಷ ನೀನು ಆರಿಸ್ಕೊಂಡಿದ್ದು ಇನ್ನೂ ಗೆರೆ ಮುಟ್ಟಿಲ್ಲ ಕಣೋ!"

ಅವನ ಪರವಾಗಿ ತಾನೇ ಉತ್ತರಿಸಲು ಆರ್ಡಿಸ್ ಬಾಯಿ ತೆರೆದಳು. ಆದರೆ ಎಲ್ರಾಯ್ ಮೊದಲಿನ ಹಾಗೇ ನಕ್ಕ. "ಬರುತ್ತೆ ಬಿಡೆ, ಅದಕ್ಕೇನು ಅವಸರ? ನನ್ನ ಹಾಗೆ ಅದಕ್ಕೂ ಪಿಂಚಣಿ ಬರ್ತಿರಬೇಕು."

ಜನ ಘೊಳ್ಳೆಂದರು. ವೆಲ್ಮಾ ಈಗ ಇವಳ ಕಡೆ ತಿರುಗಿದಳು. "ನೀನ್ಯಾಕೆ ಅವನನ್ನ ಹಂಗೆ ಬಿಗಿಯಾಗಿ ಹಿಡ್ಕೊಂಡಿದ್ದೀಯೆ? ಈ ಮುದುಕನ್ನ ಈಗ ಯಾರು ಹಾರಿಸ್ಕೊಂಡು ಹೋಗ್ತಾರೆ?"

ಮತ್ತೆ ನಗು. ಆರ್ಡಿಸ್ ಮುಖ ಕೆಂಪಾಗಿ ಕೈ ಬಿಟ್ಟಳು.

ಟಬ್ಬು ಎತ್ತಿದರು. ಸೂರು ಹಾರಿಹೋಗುವಂತೆ ಗದ್ದಲ ಎದ್ದಿತು. ಅದರ ನಡುವೆಯೇ ಹೊರಗೆ ಊರಿಗೆಲ್ಲ ಅಪಾಯ ಸಾರುವ ಸೈರನ್ ಊದತೊಡಗಿತು.

"ತಿಂಗಳ ಮೊದಲ ಶನಿವಾರ ಅಲ್ವಾ, ಪರೀಕ್ಷೆಗೆ ಊದ್ತಿದಾರೆ," ಎಂದ ಯಾರೋ ಒಬ್ಬ, ಆಮೆಗಳ ಮೇಲಿನಿಂದ ಕಣ್ಣು ತೆಗೆಯದೆ.

ಪರೀಕ್ಷೆಯ ಸೈರನ್ ಒಮ್ಮೆ ಊದಿ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ವೆಲ್ಮಾ ಹಿಂಬಾಗಿಲು ತೆರೆದು ಇಣುಕಿದಳು. ಸರೋವರದಾಚೆ ಪಡುವಣ ಆಕಾಶ ಕಪ್ಪಾಗಿರಲಿಲ್ಲ. ಪಾಚಿಗಟ್ಟಿದ ನೀರಿನ ಹಾಗೆ ಹಸಿರಾಗಿತ್ತು. ಅವಳು ಬಾಗಿಲನ್ನು ದಢಾರನೆ ಮುಚ್ಚಿದಳು.

"ಬಿಡ್ರೋ ಆಮೆ ಗೀಮೆ! ಸುಂಟರಗಾಳಿ! ಎಲ್ಲ ಇಳೀರಿ ನೆಲಮಾಳಿಗೆಗೆ! ಮಕ್ಕಳು ಮೊದಲು!"

ಆರ್ಡಿಸ್ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ಯಾರೂ ಇರಲಿಲ್ಲ.

ಮೆಟ್ಟಿಲ ಕಡೆ ಹರಿಯುತ್ತಿದ್ದ ಜನರಿಗೆ ಎದುರಾಗಿ ಅವಳು ನುಗ್ಗಿದಳು. ಶೌಚದ ಕೋಣೆ ನೋಡಿದಳು, ಕೌಂಟರಿನ ಹಿಂದೆ ನೋಡಿದಳು. ಮುಂಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲು ದಾಟುವಷ್ಟರಲ್ಲಿ ವೆಲ್ಮಾ ಅವಳ ರಟ್ಟೆ ಹಿಡಿದಳು.

"ತಲೆ ಕೆಟ್ಟಿದೆಯೇನೆ? ಅವನೇನು ಕೂಸಾ? ಎಲ್ಲೋ ಒಂದು ಕಡೆ ಹೊಕ್ಕಿರ್ತಾನೆ. ಅವನಿಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗಲ್ಲ ವೆಲ್ಮಾ!" ಎಂದು ಆರ್ಡಿಸ್ ಕಿರುಚಿದಳು. "ಈಗ ಅವನಿಗೆ ಏನೂ ಗೊತ್ತಾಗಲ್ಲ ಕಣೆ!"

ವೆಲ್ಮಾಳ ಹಿಡಿತ ಸಡಿಲವಾಯಿತು. ಆರ್ಡಿಸ್ ಓಡಿದಳು.

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಕ್ಕಿಗಳ ಸದ್ದಡಗಿತ್ತು. ಸೈರನ್ ಉಸಿರು ಎಳೆದುಕೊಳ್ಳುವ ನಡುವೆ, ಬಿಟ್ಟುಹೋದ ಒಲೆಯ ಮೇಲೆ ಸಾಸೇಜುಗಳು ಚುರುಗುಟ್ಟಿ ಸೀಯುವುದು ಕೇಳುತ್ತಿತ್ತು. ಮೈದಾನದಲ್ಲಿ ನರಪಿಳ್ಳೆಯಿಲ್ಲ. ಅವಳು ಗಂಡನ ಹೆಸರು ಕೂಗಿದಳು. ಸರೋವರದಲ್ಲಿ ಬಿದ್ದಿದ್ದರೆ? ಕಾಡಿನ ಕಡೆ ನಡೆದಿದ್ದರೆ?

ಆಗ ಕುಣಿತದ ದೊಡ್ಡ ಡೇರೆಯೊಳಗಿಂದ ಅಕಾರ್ಡಿಯನ್ ಕೇಳಿತು. ಒಂದು ಸಾಲು ನುಡಿದು ತಡವರಿಸಿ, ಮತ್ತೆ ಅದೇ ಸಾಲು.

ವೇದಿಕೆಯ ಮೇಲೆ ಎಲ್ರಾಯ್ ಒಬ್ಬನೇ ಕೂತಿದ್ದ, ಯಾರದೋ ವಾದ್ಯವನ್ನು ಎದೆಗೆ ಕಟ್ಟಿಕೊಂಡು. ಮೇಲೆ ಡೇರೆಯ ಕಂಬಗಳು ಕಿರುಗುಟ್ಟುತ್ತಿದ್ದವು.

"ಎಲ್ರಾಯ್! ಇಳಿ ಕೆಳಗೆ! ಗಾಳಿ ಬರ್ತಿದೆ!"

ಅವನು ತಲೆಯೆತ್ತಿ ಮರ್ಯಾದೆಯಿಂದ ನಕ್ಕ. "ಸ್ವಲ್ಪ ತಡೀರಿ ಅಮ್ಮ. ನಮ್ಮ ಮೇಳದವರು ಈಗ ಬಂದುಬಿಡ್ತಾರೆ. ನೀವು ಯಾರ ಕಡೆಯವರು?"

ಇಷ್ಟು ದಿನ ಅವನು ಏನೇನೋ ಮರೆತಿದ್ದ. ಅವಳನ್ನು ಮರೆತಿರಲಿಲ್ಲ. ಒಂದು ಗಳಿಗೆ ಆರ್ಡಿಸ್‌ಗೆ ಸೈರನ್ ಕೇಳಿಸಲಿಲ್ಲ, ಗಾಳಿಯ ನೆನಪೂ ಆಗಲಿಲ್ಲ. ಆಮೇಲೆ ಮೈಮೇಲೆ ಬಂದವಳಂತೆ ವೇದಿಕೆ ಹತ್ತಿ ಅವನ ಕೈ ಜಗ್ಗಿದಳು.

"ಬಿಡಿ! ಯಾರು ನೀವು? ಬಿಡಿ ಅಂದ್ರೆ!" ಅವನು ವಾದ್ಯವನ್ನು ಅವುಚಿಕೊಂಡು ಹಿಂದೆ ಹಿಂದೆ ಸರಿದ. ಅವನ ಕಣ್ಣಲ್ಲಿ ಹೆದರಿಕೆಯಿತ್ತು, ಗಾಳಿಯದಲ್ಲ, ಅವಳನ್ನು ಕಂಡೇ ಹೆದರಿಕೆ. ಅಷ್ಟರಲ್ಲಿ ಮೊದಲ ಗಾಳಿ ಬಂದು ಡೇರೆಯ ಬಟ್ಟೆಯನ್ನು ಮೇಲೆತ್ತಿ ಬಡಿಯಿತು. ಮೂಲೆಯ ಹಗ್ಗವೊಂದು ಫಟ್ಟನೆ ಹರಿಯಿತು.

ಎಳೆದರೆ ಬರುವವನಲ್ಲ. ಆರ್ಡಿಸ್ ಅವನ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಬಂದಳು. ಕೂದಲು ಸರಿಮಾಡಿಕೊಂಡಳು. ಹಲ್ಲು ಕಟಕಟಿಸದ ಹಾಗೆ ದವಡೆ ಬಿಗಿಹಿಡಿದು ಹೇಳಿದಳು:

"ತಪ್ಪು ತಿಳೀಬೇಡಿ. ನಾನು ಕುಣಿಯೋಕೆ ಅಂತ ಬಂದೆ. ಜೊತೆಗೆ ಯಾರೂ ಇಲ್ಲ. ಒಂದು ಸುತ್ತು ಬರ್ತೀರಾ?"

ಅವನು ಯೋಚಿಸಿದ. ಗಾಳಿ ಇನ್ನೊಂದು ಹಗ್ಗ ಕಿತ್ತಿತು.

"ನಾನು ಮದುವೆಯಾದವನು," ಎಂದ ಸಂಕೋಚದಿಂದ. "ಹೆಂಡತಿ ಇಲ್ಲೇ ಎಲ್ಲೋ ಇದಾಳೆ. ನೋಡಿದ್ರೆ ಸುಮ್ನಿರಲ್ಲ."

"ಅವಳನ್ನ ನಾನು ಬಲ್ಲೆ. ಅವಳೇನೂ ಅನ್ನಲ್ಲ."

"ನುಡಿಸೋರು ಬೇಕಲ್ಲ?"

"ಬಾಯಲ್ಲೇ ಹೇಳ್ಕೊಂಡ್ರಾಯ್ತು, ಬನ್ನಿ."

ಅವನು ವಾದ್ಯ ಕಳಚಿ ಕುರ್ಚಿಯ ಮೇಲೆ ಜೋಪಾನವಾಗಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ. ಹೀಗೆ ಅವರಿಬ್ಬರೂ ಕುಣಿಯುತ್ತಲೇ ಡೇರೆಯಿಂದ ಹೊರಬಿದ್ದರು. ಅವಳು ಬಾಯಲ್ಲೇ ರಾಗ ಎಳೆಯುತ್ತ, ಪ್ರತಿ ಸುತ್ತಿಗೂ ಅವನನ್ನು ರಸ್ತೆಯ ಕಡೆಗೆ ಒಂದಿಷ್ಟು ಸರಿಸುತ್ತಿದ್ದಳು. ಆಲಿಕಲ್ಲು ಬೀಳತೊಡಗಿತು.

"ತಾಳ ತಪ್ತಿದೀರಿ," ಎಂದ ಅವನು.

"ಹೇಳಿಕೊಡಿ. ನಿಲ್ಲಿಸಬೇಡಿ, ಹೇಳಿಕೊಡಿ."

ಬೆನ್ನ ಹಿಂದೆ ಏನೋ ಪರ್ರನೆ ಹರಿದು, ಆಮೇಲೆ ಮರ ಮುರಿದ ಸದ್ದು ಒಂದರ ಮೇಲೊಂದು ಬಂತು. ಅವಳು ತಿರುಗಲಿಲ್ಲ. ಅವನು ತಿರುಗಿದ. "ಅಯ್ಯೋ, ವಾದ್ಯ ಅಲ್ಲೇ ಇದೆ!" ಎಂದು ರಸ್ತೆಯ ನಡುವೆ ನಿಂತುಬಿಟ್ಟ. ತಗಡೊಂದು ಅವರ ಪಕ್ಕದಲ್ಲೇ ಡಾಂಬರು ಗೀಚುತ್ತ ಹಾದುಹೋಯಿತು.

"ಇನ್ನೊಂದು ಸುತ್ತು," ಅವಳು ಬೇಡಿದಳು. "ದಮ್ಮಯ್ಯ, ಇನ್ನೊಂದೇ ಸುತ್ತು."

ಅವನು ಆ ಸುತ್ತು ಹಾಕಿದ. ಬಾಗಿಲಲ್ಲಿ ಕಾದು ನಿಂತಿದ್ದ ವೆಲ್ಮಾ ಇಬ್ಬರ ಕೊರಳಪಟ್ಟಿಗೂ ಕೈ ಹಾಕಿ ಒಳಗೆಳೆದುಕೊಂಡಳು.

ನೆಲಮಾಳಿಗೆಯಲ್ಲಿ ದೀಪ ಹೋಗಿತ್ತು. ಬಿಯರ್ ಪೀಪಾಯಿಗಳ ಸಂದಿಯಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಕ್ಕರಿಸಿದ್ದರು. ಯಾವುದೋ ಪ್ರಾಣಿ ಇಡೀ ಕಟ್ಟಡವನ್ನು ಹಲ್ಲಲ್ಲಿ ಕಚ್ಚಿ ಅಲ್ಲಾಡಿಸುತ್ತಿರುವ ಹಾಗೆ ಮೇಲೆ ಸದ್ದು. ಮಣ್ಣು ತಲೆಯ ಮೇಲೆ ಉದುರುತ್ತಿತ್ತು.

"ನಿಮಗೆ ಹೆದರಿಕೆ ಆಗ್ತಿದೆಯಾ ಅಮ್ಮ?" ಎಲ್ರಾಯ್ ಕತ್ತಲಲ್ಲಿ ಕೇಳಿದ.

"ಹೂಂ."

"ನನಗೂ," ಎಂದು ಅವನು ಅವಳ ಹತ್ತಿರ ಸರಿದ.

ಇನ್ನೊಂದು ಪಕ್ಕದಿಂದ ವೆಲ್ಮಾ ಕಿವಿಯಲ್ಲಿ ಉಸುರಿದಳು. "ಯಾವಾಗಿಂದ ಹಿಂಗೆ?"

"ಚಳಿಗಾಲದಿಂದ."

"ನನಗೆ ಒಂದು ಮಾತು ಹೇಳಬಾರ್ದಿತ್ತೇನೆ, ಪಾಪಿ?"

"ಭಯ ಆಯ್ತು ಕಣೆ."

ವೆಲ್ಮಾ ಕತ್ತಲಲ್ಲೇ ಅವಳ ಕೈ ತಡವಿ ಹಿಡಿದುಕೊಂಡಳು. ಆಮೇಲೆ, "ಸೋಮವಾರ ಬಾರ್ ಮುಚ್ಚಿರುತ್ತೆ. ಅವತ್ತು ಅವನನ್ನ ತಂದು ಇಲ್ಲಿ ಬಿಡು. ನನ್ನ ಜೊತೆ ಲೋಟ ಒರೆಸ್ಕೊಂಡು ಕೂತಿರ್ತಾನೆ. ನೀನು ನಿದ್ದೆ ಮಾಡು," ಎಂದಳು.

ಗಾಳಿ ಹೋಯಿತು. ಮೇಲೆ ಬಂದು ನೋಡಿದರೆ ಡೇರೆ ಇರಲಿಲ್ಲ. ಅದರ ಒಂದು ಚೂರು ಸರೋವರದ ನಡುವೆ ಸತ್ತ ಹಂಸದ ಹಾಗೆ ತೇಲುತ್ತಿತ್ತು. ವೇದಿಕೆ ಹಲಗೆ ಹಲಗೆಯಾಗಿ ಚೆಲ್ಲಿತ್ತು. ಕೈಕಾಲು ಮುರಿದುಕೊಂಡವರಿದ್ದರು, ಜೀವ ಹೋದವರಿರಲಿಲ್ಲ. ಎಲ್ರಾಯ್ ಸುತ್ತ ನೋಡಿ, ತಟ್ಟನೆ ಹೆಂಡತಿಯ ಕಡೆ ತಿರುಗಿದ.

"ಆರ್ಡಿಸ್! ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು? ಎಷ್ಟು ಹುಡುಕ್ದೆ ಗೊತ್ತಾ?"

"ಇಲ್ಲೇ ಇದ್ದೆ," ಎಂದು ಅವಳು ಅತ್ತಳು.

ಮನೆಗೆ ಹೋಗುವ ದಾರಿಯಲ್ಲಿ ಪೈನ್ ಮರಗಳು ಅಡ್ಡ ಬಿದ್ದಿದ್ದವು. ಗರಗಸದವರು ಕಡಿದು ಮುಗಿಸುವವರೆಗೆ ಕಾರುಗಳು ಸಾಲಾಗಿ ನಿಂತವು. ಎಲ್ರಾಯ್ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಸಂಜೆಯ ಬಿಸಿಲು, ಏನೂ ಆಗಿಲ್ಲವೆಂಬಂತೆ, ಅವನ ಮುಖದ ಮೇಲೆ ಬಿದ್ದಿತ್ತು. ಆರ್ಡಿಸ್ ಬಾಗಿಲುಗಳ ಬೀಗ ಒತ್ತಿ, ಸ್ಟಿಯರಿಂಗ್ ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತ ಕೂತಳು. ಮುಂದಿನ ಕಾರು ಹೊರಟಿತು. ಹಿಂದಿನವರು ಹಾರ್ನ್ ಹಾಕಿದರು. ಎಲ್ರಾಯ್‌ನ ರೆಪ್ಪೆ ಅಲುಗಿತು. ಎದ್ದಾಗ ತನ್ನನ್ನು ಏನೆಂದು ಕರೆಯುತ್ತಾನೋ ಎಂದು, ಅವಳು ಕಾರು ಹೊರಡಿಸದೆ ಅವನು ಕಣ್ಣು ಬಿಡುವುದನ್ನು ಕಾದಳು.